ಫೋನಿನಲ್ಲಿ ಊಟ ಕೇಳುವ ಹುಡುಗಿ

ಆ ಸೋಮವಾರ ಬೆಳಿಗ್ಗೆ ನಾನು ತಿಂಡಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ. ಇಂಟರ್‌ವ್ಯೂ ಇದ್ದದ್ದು ನನಗಲ್ಲ. ನಾನು ಕುವೈತಿನಲ್ಲಿ ಸೆಕ್ರೆಟರಿಯಾಗಿ ದುಡಿದು, ದುಡಿದದ್ದು ಸಾಕೆಂದು ಮನೆಯಲ್ಲಿ ಕೂತವಳು. ಆದರೂ ಕನ್ನಡಿಯ ಮುಂದೆ ನಿಂತು ಸೀರೆಯ ನೆರಿಗೆಯನ್ನು ಮತ್ತೆ ಮತ್ತೆ ತಿದ್ದಿಕೊಳ್ಳುತ್ತಿದ್ದೆ.

"ಕೆಲಸ ಯಾರಿಗೆ, ನಿನಗಾ ಅವಳಿಗಾ?" ಎಂದು ನನ್ನ ಗಂಡ ಮೊಬೈಲಿನಿಂದ ತಲೆ ಎತ್ತದೆ ಕೇಳಿದರು.

"ನೀವು ಸುಮ್ಮನೆ ಚಾ ಕುಡೀರಿ," ಎಂದೆ.

ಅವಳು ಎಂದರೆ ನನ್ನ ಶುಕ್ರವಾರದ ಕ್ಲಾಸಿನ ಹುಡುಗಿ. ಈ ಕ್ಲಾಸಿನ ಕತೆ ಹೇಳದೆ ಮುಂದೆ ಹೋಗುವಂತಿಲ್ಲ. ಕೆಲಸ ಬಿಟ್ಟ ಮೇಲೆ ಫಹಾಹೀಲಿನ ಫ್ಲ್ಯಾಟಿನಲ್ಲಿ ಗೋಡೆ ನೋಡುತ್ತ ಕೂರುವ ಜಾಯಮಾನ ನನ್ನದಲ್ಲ. ಸುತ್ತ ಕಣ್ಣಾಡಿಸಿದರೆ ಗಂಡನ ಹಿಂದೆ ಊರಿನಿಂದ ಬಂದ ಹುಡುಗಿಯರು ಬೇಕಾದಷ್ಟು. ಡಿಗ್ರಿ ಇರುತ್ತದೆ, ಬುದ್ಧಿ ಇರುತ್ತದೆ, ಹಗಲಿಡೀ ಎಸಿಯ ಕೆಳಗೆ ಕೂತು ಧಾರಾವಾಹಿ ನೋಡುತ್ತಿರುತ್ತಾರೆ. ನೋಡಿ ನೋಡಿ ನನಗೆ ಸಿಟ್ಟು ಬಂತು. ಶುಕ್ರವಾರ ಎಲ್ಲರಿಗೂ ರಜೆ, ಮಕ್ಕಳನ್ನು ಗಂಡಂದಿರು ನೋಡಿಕೊಳ್ಳಲಿ, ಆಫೀಸಿನ ಕೆಲಸ ನಾನು ಕಲಿಸುತ್ತೇನೆ, ಬನ್ನಿ ಎಂದೆ. ಮೂವರು ಬಂದರು. ಒಬ್ಬಳು ಮಂಗಳೂರಿನ ಹೊಸ ಮದುಮಗಳು. ಇನ್ನೊಬ್ಬಳು ಇಲ್ಲಿಯೇ ಹುಟ್ಟಿ ಬೆಳೆದ ಬ್ಯಾರಿ ಮನೆಯ ಹುಡುಗಿ, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಮೂರನೆಯವಳು ಬಾಗಲಕೋಟೆ ಕಡೆಯವಳು. ಗಂಡ ತೈಲ ಘಟಕವೊಂದರಲ್ಲಿ ಟೆಕ್ನಿಷಿಯನ್, ಮನೆ ಮಹಬೂಲಾದಲ್ಲಿ. ನಾನು ಹೇಳಹೊರಟದ್ದು ಇವಳ ವಿಷಯ.

ನಮ್ಮ ಊಟದ ಮೇಜೇ ಆಫೀಸಾಯಿತು. ಲ್ಯಾಪ್‌ಟಾಪಿನ ಕೀಲಿಗಳ ಮೇಲೆ ಟವೆಲ್ ಹೊದಿಸಿ, ಅದರಡಿಯಲ್ಲಿ ಕೈ ತೂರಿಸಿ ಟೈಪ್ ಮಾಡಿಸುತ್ತಿದ್ದೆ. ಮಂಗಳೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ನಾನು ಕಲಿತದ್ದು ಹಾಗೆಯೇ. ಅಲ್ಲಿ ಕಣ್ಣು ಕೀಲಿಯತ್ತ ಹೋದರೆ ಬೆರಳಿಗೆ ಸ್ಕೇಲಿನ ಪೆಟ್ಟು ಬೀಳುತ್ತಿತ್ತು. ನಾನು ಸ್ಕೇಲು ಹಿಡಿಯಲಿಲ್ಲ, ನನ್ನ ಬಾಯಿಯೇ ಸಾಕಿತ್ತು. ಪತ್ರ ಬರೆಯುವುದು, ಮೀಟಿಂಗಿನಲ್ಲಿ ಆಡಿದ ಮಾತನ್ನು ಚುಟುಕಾಗಿ ಬರೆದುಕೊಳ್ಳುವುದು, ಒಬ್ಬರಿಗೊಬ್ಬರು ಆಗದ ಇಬ್ಬರು ದೊಡ್ಡ ಮನುಷ್ಯರಿಗೆ ಒಂದೇ ಹೊತ್ತಿಗೆ ಸಮಯ ಕೊಟ್ಟು ಫಜೀತಿಪಡದಿರುವುದು, ಎಲ್ಲವನ್ನೂ ಬಾಗಲಕೋಟೆಯವಳು ಬದನೆಕಾಯಿ ಎಣ್ಣೆ ಹೀರಿದಂತೆ ಹೀರಿಕೊಂಡಳು. ನನಗೆ ಒಳಗೊಳಗೇ ಹೆಮ್ಮೆ. ಬಾಯಲ್ಲಿ ಮಾತ್ರ ಹೊಗಳಲಿಲ್ಲ, ಹೊಗಳಿದರೆ ಕೆಡುತ್ತಾರೆ.

ತಕರಾರಿದ್ದದ್ದು ಫೋನಿನಲ್ಲಿ. ಫೋನಿನ ಪಾಠಕ್ಕೆ ನಾನು ಅಡುಗೆಮನೆಯಲ್ಲಿ ಮೀನು ಹುರಿಯುತ್ತ, ಸಿಟ್ಟಿನ ಗಿರಾಕಿಯಾಗಿ ಅವರ ಮೊಬೈಲಿಗೆ ಕರೆ ಮಾಡುತ್ತಿದ್ದೆ. ಅವರು ಹಾಲ್‌ನಲ್ಲಿ ಅದನ್ನೆತ್ತಿ ಉತ್ತರಿಸಬೇಕು. ಕಂಪನಿಯ ಹೆಸರು, ಒಂದು ಗುಡ್ ಮಾರ್ನಿಂಗ್, ಏನು ಬೇಕಿತ್ತು ಎಂಬ ಪ್ರಶ್ನೆ, ಇದರಾಚೆಗೆ ಒಂದಕ್ಷರ ಬೇಡ ಎಂಬುದು ನನ್ನ ಕಟ್ಟಪ್ಪಣೆ. ನಾನು ದುಡಿದದ್ದು ಯುರೋಪಿನವರ ಎಂಜಿನಿಯರಿಂಗ್ ಆಫೀಸಿನಲ್ಲಿ. ಅಲ್ಲಿ ಎಲ್ಲವೂ ಇಂಗ್ಲಿಷು, ಎಲ್ಲವೂ ಗಡಿಯಾರ. ಫೋನೆಂದರೆ ಹರಟೆಕಟ್ಟೆಯಲ್ಲ ಎಂಬುದು ನನ್ನ ರಕ್ತದಲ್ಲೇ ಇಳಿದಿತ್ತು.

"ಎಲ್ಲಿ ನನ್ನ ಸಾಮಾನು? ಒಂದು ವಾರದಿಂದ ಕಾಯುತ್ತಿದ್ದೇನೆ," ಎಂದು ನಾನು ಅಡುಗೆಮನೆಯಿಂದ ಇಂಗ್ಲಿಷಿನಲ್ಲಿ ಗುಡುಗಿದೆ.

ಅತ್ತ ಕಡೆಯಿಂದ ತಣ್ಣನೆಯ ದನಿ ಬಂತು. "ಆರಾಮಾಗಿದ್ದೀರಾ ಸರ್? ಊಟ ಆಯಿತೇ? ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರಾ?" ಭಾಷೆ ಇಂಗ್ಲಿಷೇ, ಓಟ ಮಾತ್ರ ಅಪ್ಪಟ ಬಾಗಲಕೋಟೆಯದು.

ಮಿಕ್ಕಿಬ್ಬರು ಬಿದ್ದು ಬಿದ್ದು ನಕ್ಕರು. ನಾನು ಮೀನು ಮಗುಚುವ ಸಟ್ಟುಗ ಹಿಡಿದುಕೊಂಡೇ ಹಾಲ್‌ಗೆ ಬಂದೆ.

"ಎಂತ ಮಾರಾಯ್ತಿ, ಸಾಮಾನು ಬರ್ಲಿಲ್ಲ ಅಂತ ಅವ ಅಲ್ಲಿ ಬೊಬ್ಬೆ ಹಾಕ್ತಾ ಇದ್ದಾನೆ, ನೀನು ಊಟ ಆಯ್ತಾ ಕೇಳ್ತೀಯಲ್ಲ. ಆಗ್ಲಿಲ್ಲ ಅಂದ್ರೆ ನೀನು ಹೋಗಿ ಬಡಿಸ್ತೀಯಾ?"

"ಹಂಗಲ್ರೀ ಅಕ್ಕೋರ," ಎಂದಳು. ಅವರ ಕಡೆ ಶಾಲೆಯ ಟೀಚರಮ್ಮನನ್ನು ಕರೆಯುವುದು ಹಾಗೆ. "ಮನಷ್ಯಾ ಆರಾಮ ಅದಾನೋ ಇಲ್ಲೋ ಕೇಳದ, ಒಮ್ಮಿಂದೊಮ್ಮೆಲೆ ಸಾಮಾನಿನ ಸುದ್ದಿ ಹೆಂಗ ತೆಗೀಲಿ? ನಮ್ಮ ಕಡೆ ಹಂಗ ಮಾತಾಡಿದ್ರ ಇಕಿಗೆ ಭಾಳ ಸೊಕ್ಕು ಬಂದೈತಿ ಅಂತಾರ್ರೀ."

"ಇದು ನಿಮ್ಮ ಕಡೆ ಅಲ್ಲ, ಆಫೀಸು."

"ಹೂಂರೀ," ಎಂದು ತಲೆಯಾಡಿಸಿದಳು. ಮುಂದಿನ ಶುಕ್ರವಾರ ಮತ್ತೆ ಅದೇ ರಾಗ, ಅದೇ ತಾಳ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನಾನು ಹಣೆ ಚಚ್ಚಿಕೊಂಡೆ. ಅವಳು ಎಲ್ಲರೊಡನೆಯೂ ಹಾಗೆಯೇ. ನಮ್ಮ ಕಟ್ಟಡದ ಕಾವಲುಗಾರನ ಮೊಣಕಾಲು ನೋವಿನ ಪೂರ್ತಿ ವಿವರ ಅವಳಿಗೆ ಗೊತ್ತಿತ್ತು, ನನಗೆ ಅವನ ಮುಖವೂ ಸರಿಯಾಗಿ ಗೊತ್ತಿರಲಿಲ್ಲ. ಮಹಬೂಲಾದ ಅವಳ ಪಕ್ಕದ ಮನೆಯಲ್ಲಿ ಇಲ್ಲೇ ಹುಟ್ಟಿ ಬೆಳೆದ ಒಬ್ಬ ಅರಬ್ ಅಜ್ಜಿ ಇದ್ದರು. ಮಧ್ಯಾಹ್ನವೆಲ್ಲ ಆ ಅಜ್ಜಿಯ ಕಾಲ ಬುಡದಲ್ಲಿ ಕೂತು ಸೊಪ್ಪು ಬಿಡಿಸುತ್ತ ಇವಳು ಅರಬಿ ಕಲಿತುಬಿಟ್ಟಿದ್ದಳು. ಓದಲು ಬಾರದು, ಬರೆಯಲು ಬಾರದು, ಮಾತಾಡಲು ಮಾತ್ರ ಎಗ್ಗಿಲ್ಲ.

ಹೀಗೆ ನಗುತ್ತ ಬೈಯುತ್ತ ಕ್ಲಾಸು ನಡೆಯುತ್ತಿದ್ದಾಗ ಒಂದು ಶುಕ್ರವಾರ ಅವಳು ಬಂದು ಮೇಜಿನ ಮುಂದೆ ಸುಮ್ಮನೆ ಕೂತಳು. ಯಾರ ಆರೋಗ್ಯವನ್ನೂ ಕೇಳಲಿಲ್ಲ. ನನಗೆ ಗಾಬರಿಯಾಯಿತು. ಕೇಳಿದ್ದಕ್ಕೆ ಹೇಳಿದಳು: ಗಂಡ ದುಡಿಯುತ್ತಿದ್ದ ಕಂಪನಿಯ ಗುತ್ತಿಗೆ ಬೇರೆಯವರ ಪಾಲಾಗಿತ್ತು. ಹೊಸಬರು ಅವನನ್ನು ಇಟ್ಟುಕೊಂಡರು, ಆದರೆ ದರ್ಜೆ ಇಳಿಸಿ. ಆ ದರ್ಜೆಯ ಸಂಬಳಕ್ಕೆ ಹೆಂಡತಿಯನ್ನು ಜತೆಗಿಟ್ಟುಕೊಳ್ಳುವ ಹಕ್ಕಿಲ್ಲ. ಇಲ್ಲಿ ವಾಸಕ್ಕೆ ಇಕಾಮಾ ಎಂಬ ಪರವಾನಗಿ ಬೇಕು, ಅವಳ ಇಕಾಮಾ ಗಂಡನ ಹೆಸರಿಗೆ ಅಂಟಿಕೊಂಡದ್ದು. ಅವನು ಇಲ್ಲಿ ಇರಬಹುದು, ಅವಳು ಹೋಗಬೇಕು.

"ಲಗ್ನ ಆದ್ಮ್ಯಾಲ ವೀಸಾ ಬರ್ಲಿ ಅಂತ ಅತ್ತಿ ಮನ್ಯಾಗ ಎಷ್ಟು ವರ್ಷ ಕಾದೇನ್ರೀ," ಎಂದಳು. "ವರ್ಷಕ್ಕೊಮ್ಮೆ ಬರ್ತಿದ್ರು. ಒಬ್ಬರಿಗೊಬ್ಬರು ಸಲಿಗಿ ಆಗೂದ್ರಾಗ ಮತ್ತ ಸೂಟ್‌ಕೇಸ್ ಕಟ್ತಿದ್ರು. ಇನ್ನೊಮ್ಮೆ ಫೋನಿನಾಗ ಸಂಸಾರ ಮಾಡೂ ತಾಕತ್ತು ನನಗ ಇಲ್ರೀ ಅಕ್ಕೋರ."

ಉಳಿದ ದಾರಿ ಒಂದೇ. ಗಂಡನ ವೀಸಾದಲ್ಲಿ ಬಂದವರು ಕೆಲಸದ ವೀಸಾಕ್ಕೆ ಬದಲಾಯಿಸಿಕೊಳ್ಳಲು ಆಗ ಸರಕಾರ ಅವಕಾಶ ಕೊಟ್ಟಿತ್ತು. ಯಾವುದಾದರೂ ಕಂಪನಿ ಅವಳನ್ನು ಕೆಲಸಕ್ಕೆ ತೆಗೆದುಕೊಂಡರೆ ಅವಳದೇ ಇಕಾಮಾ ಆಗುತ್ತದೆ. ನಾನು ಅಂದೇ ಫೋನ್ ಹಿಡಿದು ಹಳೆಯ ಪರಿಚಯದವರನ್ನೆಲ್ಲ ಕಾಡಿದೆ. ಒಬ್ಬರು ಮದುವೆಮನೆಯಲ್ಲಿದ್ದರು, ಒಬ್ಬರು ನಿದ್ದೆಯಲ್ಲಿದ್ದರು, ಯಾರನ್ನೂ ಬಿಡಲಿಲ್ಲ. ಕೊನೆಗೆ ಶುವೈಖಿನ ಒಂದು ಟೈಲ್ಸ್ ಕಂಪನಿಯಲ್ಲಿ ಮುಂದಿನ ಕೌಂಟರಿಗೆ ಸೆಕ್ರೆಟರಿ ಬೇಕಂತೆ ಎಂಬ ಸುದ್ದಿ ಸಿಕ್ಕಿತು. ಇಂಟರ್‌ವ್ಯೂ ಸೋಮವಾರ. ಅವಳ ಗಂಡ ಅಷ್ಟರಲ್ಲಿ ಗುರುವಾರದ ವಿಮಾನಕ್ಕೆ ಅವಳ ಟಿಕೆಟ್ ತೆಗೆದಾಗಿತ್ತು. ಪಾಪದ ಮನುಷ್ಯ, ಮಾತು ಕಡಿಮೆ, ಆಸೆಪಟ್ಟು ಕೆಡುವುದಕ್ಕಿಂತ ಮೊದಲೇ ಕೆಟ್ಟದ್ದಕ್ಕೆ ತಯಾರಾಗುವ ಜಾತಿ.

ಅವನಿಗೆ ಡ್ಯೂಟಿ ಇದ್ದದ್ದರಿಂದ ನಾನೇ ಅವಳ ಜತೆ ಹೊರಟೆ. ಮಹಬೂಲಾದಿಂದ ಶುವೈಖಿನ ತನಕ ಟ್ಯಾಕ್ಸಿಯಲ್ಲಿ ಪಾಠ ಒಪ್ಪಿಸಿದೆ. ಕಾಲ ಮೇಲೆ ಕಾಲು ಹಾಕಬೇಡ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನು. ಫೋನಿನಲ್ಲಿ ಊಟದ ಸುದ್ದಿ ಎತ್ತಿದರೆ ನಾನು ಅಲ್ಲೇ ಎದ್ದು ಬರುತ್ತೇನೆ.

"ದೇವರಾಣಿರೀ, ಎತ್ತಂಗಿಲ್ಲ," ಎಂದಳು.

ಕಂಪನಿ ಕುವೈತಿ ಕುಟುಂಬವೊಂದರದು. ಮುಂದೆ ಅಂಗಡಿ, ಹಿಂದೆ ಗೋಡೌನು, ಅಂಗಳದಲ್ಲಿ ಟೈಲ್ಸ್ ತುಂಬಿಸಿಕೊಳ್ಳುತ್ತಿದ್ದ ಲಾರಿ. ಒಳಗಿನ ಕೋಣೆಯ ಬಾಗಿಲು ತೆರೆದಿತ್ತು. ಅಲ್ಲಿ ಬಿಳಿ ನಿಲುವಂಗಿಯ ವಯಸ್ಸಾದ ಮಾಲೀಕರು ಕೂತಿದ್ದರು. ಚಿಕಿತ್ಸೆಗೆಂದು ಹೊರದೇಶಕ್ಕೆ ಹೋಗಿ ಹಿಂದಿನ ರಾತ್ರಿಯಷ್ಟೇ ಬಂದವರು ಎಂದು ಚಾ ತಂದವನು ಹೇಳಿದ. ಇಂಟರ್‌ವ್ಯೂ ಮಾಡಿದವರು ಆಫೀಸಿನ ಮ್ಯಾನೇಜರ್, ಕೋಟು ತೊಟ್ಟ ಅರಬ್ ಹೆಂಗಸು. ನಾನು ಯಾರೆಂದು ಕೇಳಿದರು. ಹುಡುಗಿಯ ಚಿಕ್ಕಮ್ಮ ಎಂದೆ. ಸೋಫಾ ತೋರಿಸಿದರು.

ಅಲ್ಲಿ ಇನ್ನೊಬ್ಬಳು ಹುಡುಗಿಯೂ ಬಂದಿದ್ದಳು. ತೆಳ್ಳಗೆ, ಬೆಳ್ಳಗೆ, ನೀರಿನಂಥ ಇಂಗ್ಲಿಷು. ಇಬ್ಬರಿಗೂ ಒಂದೊಂದು ಪತ್ರ ಟೈಪ್ ಮಾಡಲು ಕೊಟ್ಟರು. ನಮ್ಮವಳು ಮೊದಲು ಮುಗಿಸಿದಳು, ಒಂದು ತಪ್ಪಿಲ್ಲ. ನಾನು ಚಪ್ಪಾಳೆ ತಟ್ಟದೆ ಕೈಗಳನ್ನು ತೊಡೆಯಡಿ ಇಟ್ಟುಕೊಂಡೆ. ಆಮೇಲೆ ಮ್ಯಾನೇಜರ್ ಕೌಂಟರಿನ ಫೋನು ತೋರಿಸಿ, "ಇದರಲ್ಲಿ ಬರುವ ಕರೆಗಳನ್ನು ಸರದಿಯ ಪ್ರಕಾರ ನೀವೇ ತೆಗೆದುಕೊಳ್ಳಿ, ನಾನು ಕೇಳುತ್ತಿರುತ್ತೇನೆ," ಎಂದರು.

ಮೊದಲ ಕರೆ ಆ ಹುಡುಗಿಗೆ ಬಂತು. ಕಂಪನಿಯ ಹೆಸರು, ಗುಡ್ ಮಾರ್ನಿಂಗ್, ಹೇಗೆ ಸಹಾಯ ಮಾಡಲಿ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ನನ್ನ ತಲೆ ನನಗೇ ಗೊತ್ತಿಲ್ಲದಂತೆ ಮೆಚ್ಚಿ ತೂಗಿತು. "ನಿಮ್ಮ ಆರ್ಡರ್ ನಂಬರ್ ಹೇಳುತ್ತೀರಾ ಸರ್?" ಎಂದಳು. ಕರೆ ಕಟ್ಟಾಯಿತು.

"ಬೆಳಿಗ್ಗೆಯಿಂದ ಹೀಗೇ," ಎಂದರು ಮ್ಯಾನೇಜರ್ ಬೇಸರದಿಂದ. "ಯಾರೋ ಮುದುಕರು. ಮಾಡುತ್ತಾರೆ, ನಂಬರ್ ಕೇಳಿದರೆ ಇಡುತ್ತಾರೆ."

ಸ್ವಲ್ಪ ಹೊತ್ತಿಗೆ ಫೋನು ಮತ್ತೆ ಬಡಿದುಕೊಂಡಿತು. ಈಗ ನಮ್ಮವಳ ಸರದಿ. ಎತ್ತಿದಳು. ಕಂಪನಿಯ ಹೆಸರು ಹೇಳಿದಳು, ಗುಡ್ ಮಾರ್ನಿಂಗ್ ಹೇಳಿದಳು, ಏನು ಬೇಕಿತ್ತು ಎಂದಳು. ಶಹಬ್ಬಾಸ್ ಎಂದುಕೊಂಡೆ. ಅತ್ತಲಿಂದ ಉತ್ತರ ಬರಲಿಲ್ಲವೆಂದು ಕಾಣುತ್ತದೆ, ಅವಳು ಕಾದಳು. ಆಮೇಲೆ ನೋಡುತ್ತೇನೆ, ಅವಳ ಕತ್ತು ನಿಧಾನಕ್ಕೆ ಒಂದು ಕಡೆ ವಾಲಿತು. ಆ ವಾಲು ನನಗೆ ಚೆನ್ನಾಗಿ ಗೊತ್ತು.

"ಅಸ್ಸಲಾಮು ಅಲೈಕುಮ್ ಯಾ ಅಮ್ಮೀ," ಎಂದಳು ಅರಬಿಯಲ್ಲಿ, ಅಂದರೆ ದೊಡ್ಡಪ್ಪಾ ಎಂದ ಹಾಗೆ. "ಶ್ಲೋನಕ್?" ಹೇಗಿದ್ದೀರಿ ಎಂದು. ಹೋಯಿತು, ಖಲಾಸ್ ಎಂದುಕೊಂಡೆ. ಆರೋಗ್ಯ ಹೇಗಿದೆ ಎಂದಳು. ಮನೆಯವರು ಹೇಗಿದ್ದಾರೆ, ಮಕ್ಕಳು ಹೇಗಿದ್ದಾರೆ ಎಂದಳು. ಅತ್ತಲಿಂದ ಏನೋ ಸಣ್ಣ ಉತ್ತರಗಳು. ಮ್ಯಾನೇಜರ್ ಹುಬ್ಬು ಗಂಟಿಕ್ಕಿದರು. ನಾನು ನನ್ನ ತೊಡೆಯನ್ನೇ ಚಿವುಟಿಕೊಂಡೆ. ಬಿಡು ಮಾರಾಯ್ತಿ, ಸಾಕು, ಕೆಲಸದ ಮಾತಿಗೆ ಬಾ ಎಂದು ಮನಸ್ಸಿನಲ್ಲೇ ಅರಚಿದೆ. ದೇವರಾಣೆಯನ್ನೂ ಮರೆತು ಅವಳು ಬೆಳಗಿನ ತಿಂಡಿ ಆಯಿತೇ ಎಂದು ಕೇಳಿಯೇಬಿಟ್ಟಳು.

ಮ್ಯಾನೇಜರ್ ರಿಸೀವರಿಗೆ ಕೈ ಚಾಚಿದರು. ಸರಿಯಾಗಿ ಆಗ ಹುಡುಗಿಯ ಮುಖ ಬದಲಾಯಿತು. ಅವಳು ಕುರ್ಚಿಯಿಂದ ಎದ್ದು ನಿಂತಳು, ಎದುರಿಗೇ ಯಾರೋ ಹಿರಿಯರು ಬಂದರೆ ಏಳುವ ಹಾಗೆ. "ಅಲ್ಲಾಹ್ ಯರ್ಹಮಹ್," ಎಂದಳು ಮೆಲ್ಲಗೆ. ಸತ್ತವರಿಗೆ ದೇವರು ಕರುಣೆ ತೋರಲಿ ಎಂದು. ನನ್ನ ಹರಕುಮುರುಕು ಅರಬಿಗೂ ಅಷ್ಟು ಗೊತ್ತಿತ್ತು. ಮ್ಯಾನೇಜರರ ಕೈ ಗಾಳಿಯಲ್ಲೇ ನಿಂತಿತು.

ಆಮೇಲೆ ತಿಳಿದದ್ದು, ತಿಂಡಿ ಆಯಿತೇ ಎಂದು ಕೇಳಿದ್ದಕ್ಕೆ ಆ ಮುದುಕರು ಬಾಯಿ ಬಿಟ್ಟಿದ್ದರು. ಮನೆಯಲ್ಲಿ ಯಾರೂ ಸರಿಯಾಗಿ ಉಂಡಿಲ್ಲಮ್ಮ, ಅಣ್ಣ ತೀರಿಕೊಂಡ ಎಂದಿದ್ದರು. ಅಣ್ಣನೇ ಆರ್ಡರ್ ಮಾಡಿದ್ದ ಟೈಲ್ಸ್ ಇವತ್ತು ಮನೆಗೆ ಬರಬೇಕು. ಬಾಗಿಲಲ್ಲಿ ದುಃಖ ಕೇಳಲು ಬಂದ ಜನ ತುಂಬಿದ್ದಾರೆ, ದಯವಿಟ್ಟು ಲಾರಿ ಕಳಿಸಬೇಡಿ ಎಂದು ಹೇಳಲು ಬೆಳಿಗ್ಗೆಯಿಂದ ಒದ್ದಾಡುತ್ತಿದ್ದರು. ಎತ್ತಿದವರೆಲ್ಲ ನಂಬರ್ ಕೇಳುತ್ತಿದ್ದರು. ಹೇಗಿದ್ದೀರಿ ಎಂದೂ ಕೇಳದವರ ಹತ್ತಿರ ಅಣ್ಣ ಸತ್ತ ಎಂದು ಹೇಳುವುದು ಹೇಗೆ? ಇಲ್ಲಿಯ ಹಿರಿಯರು ಕುಶಲ ವಿಚಾರಿಸದೆ ಮಾತು ಶುರು ಮಾಡುವುದಿಲ್ಲ. ಇಷ್ಟು ಕಾಲ ಈ ದೇಶದ ಅನ್ನ ತಿಂದೂ ಯುರೋಪಿನವರ ಆಫೀಸಿನ ಒಳಗೇ ಕೂತಿದ್ದ ನನಗೆ ಅದು ತಿಳಿದಿರಲಿಲ್ಲ.

ಹುಡುಗಿ ಸತ್ತವರ ಹೆಸರನ್ನು ಮ್ಯಾನೇಜರಿಗೆ ಹೇಳಿದ್ದೇ ತಡ, ಒಳಕೋಣೆಯಲ್ಲಿ ಕುರ್ಚಿ ಸರಿದ ಸದ್ದಾಯಿತು. ಮಾಲೀಕರು ಹೊರಗೆ ಬಂದು ರಿಸೀವರ್ ಕಿತ್ತುಕೊಂಡರು. ಸತ್ತವರು ಅವರ ಬಾಲ್ಯದ ಗೆಳೆಯ. ಪರದೇಶದಲ್ಲಿದ್ದವರಿಗೆ ಸುದ್ದಿ ಮುಟ್ಟಿರಲಿಲ್ಲ. ಜನ ಬಂದು ಸಂತಾಪ ಹೇಳುವುದು ಮೂರು ದಿನ, ಇವತ್ತು ಕೊನೆಯ ದಿನ. ಅವರು ಗೋಡೆಗೆ ಒರಗಿ, ಯಾರಿಗೂ ಮರೆಮಾಡದೆ ಅತ್ತರು.

ಅಷ್ಟರಲ್ಲಿ ಹೊರಗೆ ಎಂಜಿನ್ ಗುರುಗುಟ್ಟಿತು. ಲಾರಿ. ಮ್ಯಾನೇಜರ್ ಎತ್ತರದ ಹಿಮ್ಮಡಿಯ ಚಪ್ಪಲಿಯಲ್ಲೇ ಓಡಿದರು. ಅವರ ಹಿಂದೆ ನಾನು. ನನಗೇನು ಕೆಲಸ ಅಲ್ಲಿ ಎಂದು ಯಾರಾದರೂ ಕೇಳಬಹುದಿತ್ತು, ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ಒಂದು ಕೈಯಲ್ಲಿ ನೆರಿಗೆ ಎತ್ತಿಕೊಂಡು, ಇನ್ನೊಂದನ್ನು ಬೀಸುತ್ತ, "ಭಾಯಿ, ರುಕೋ, ಅರೇ ರುಕೋ," ಎಂದು ಕೂಗಿಕೊಂಡು ಗೇಟಿನ ತನಕ ಓಡಿದೆ. ಪಠಾಣ್ ಡ್ರೈವರು ಸೀರೆಯ ಹೆಂಗಸೊಬ್ಬಳು ಲಾರಿಗೆ ಅಡ್ಡ ಬಂದದ್ದನ್ನು ಕಂಡು ಬ್ರೇಕು ಒತ್ತಿದ. ಏದುಸಿರಿನ ನಡುವೆ ನನಗೆ ನಗು ಬರುತ್ತಿತ್ತು. ಕೆಲಸ ಬಿಟ್ಟ ಮೇಲೆ ಅಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ. ಸಾವಿನ ಸುದ್ದಿಯ ನಡುವೆ ಹಾಗೆ ಅನಿಸಬಾರದು, ಏನು ಮಾಡಲಿ, ಅನಿಸಿತು.

ನಾವು ಒಳಗೆ ಬಂದಾಗ ಮಾಲೀಕರು ತಲೆವಸ್ತ್ರ ಸರಿಪಡಿಸಿಕೊಂಡು ಹೊರಟು ನಿಂತಿದ್ದರು. ನಮ್ಮ ಹುಡುಗಿಯ ಮುಂದೆ ನಿಂತು ಏನೋ ಕೇಳಿದರು. ಅವಳು ನನ್ನತ್ತ ಬೆರಳು ತೋರಿಸಿದಳು.

"ಫೋನಿನಲ್ಲಿ ಹೀಗೆ ಮಾತಾಡಲು ಕಲಿಸಿದ್ದು ಯಾರು ಎಂದು ಕೇಳಿದರು. ನೀವಂತೆ," ಎಂದರು ಮ್ಯಾನೇಜರ್.

ನೆಲ ಬಿರಿದು ನನ್ನನ್ನು ನುಂಗಬಾರದೇ ಎನಿಸಿತು. ಮಾಲೀಕರು ಎದೆಯ ಮೇಲೆ ಕೈಯಿಟ್ಟು ನನಗೆ ತಲೆ ಬಾಗಿಸಿದರು. ನಾನೂ ಬಾಗಿಸಿದೆ. ಬಾಗಿಸದೆ ಇನ್ನೇನು ಮಾಡುವುದು? ಬಾಗಿಲಲ್ಲಿ ಅವರು ತಿರುಗಿ ಮ್ಯಾನೇಜರಿಗೆ ಒಂದೆರಡು ಮಾತು ಹೇಳಿ ಕಾರು ಹತ್ತಿದರು.

"ಭಾನುವಾರದಿಂದ ಬರಲಿ ಎಂದಿದ್ದಾರೆ," ಎಂದರು ಮ್ಯಾನೇಜರ್.

ಇನ್ನೊಬ್ಬ ಹುಡುಗಿ ಚೀಲ ಎತ್ತಿಕೊಂಡಳು. ಅವಳದೇನೂ ತಪ್ಪಿರಲಿಲ್ಲ, ಅವಳ ಜಾಗದಲ್ಲಿ ನಾನಿದ್ದರೂ ನಂಬರೇ ಕೇಳುತ್ತಿದ್ದೆ. ಹೋಗುವಾಗ ನಮ್ಮವಳ ಭುಜ ಮುಟ್ಟಿ ಹೋದಳು. ನಮ್ಮವಳು ಮಾತ್ರ ಕಂಬದ ಹಾಗೆ ನಿಂತೇ ಇದ್ದಳು. ಕೇಳಬೇಕಾದ್ದನ್ನು ನಾನೇ ಕೇಳಿದೆ.

"ಇಕಾಮಾ?"

"ನಮ್ಮದೇ. ಮತ್ತೆ ಹೇಗೆ ಕೆಲಸ ಮಾಡುತ್ತಾಳೆ?" ಎಂದು ಮ್ಯಾನೇಜರ್ ಸರಕಾರಿ ಕಚೇರಿಗಳಿಗೆ ಓಡಾಡುವ ಕಂಪನಿಯ ಮನುಷ್ಯನನ್ನು ಕರೆದರು. ಅವನು ಅವಳ ಪಾಸ್‌ಪೋರ್ಟ್ ತಿರುವಿ ನೋಡಿ, ವೀಸಾ ಬದಲಾಯಿಸಬಹುದು, ಇವತ್ತೇ ಅರ್ಜಿ ಹಾಕುತ್ತೇನೆ, ದೇಶ ಬಿಟ್ಟು ಮಾತ್ರ ಹೋಗಬೇಡಿ ಎಂದ. "ಯಲ್ಲಾ," ಅಂದರೆ ಹೊರಟೆ ಎಂದು ಹೇಳಿ, ಪಾಸ್‌ಪೋರ್ಟ್ ಹಿಡಿದುಕೊಂಡು ಹೊರಟೇಬಿಟ್ಟ.

ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಗ್ಯಾರೇಜುಗಳ ಸದ್ದಿನಲ್ಲಿ ಕೇಳಿಸುವುದಿಲ್ಲವೆಂದು ಅವಳು ಸ್ಪೀಕರ್ ಹಾಕಿಯೇ ಗಂಡನಿಗೆ ಫೋನ್ ಮಾಡಿದಳು. ಅವನು ಎತ್ತಿದ. ಅವನ ಹಿಂದೆಯೂ ಯಂತ್ರಗಳ ಗದ್ದಲ.

"ಕೆಲಸ ಸಿಕ್ತ್ರೀ," ಎಂದಳು. "ಇಕಾಮಾನೂ ಅವರ ಮಾಡಸ್ತಾರಂತ."

"ಅಂದ್ರ, ಗುರುವಾರ ನೀ ಹೋಗಂಗಿಲ್ಲ?" ಎಂದ.

"ಹೋಗಂಗಿಲ್ರೀ."

"ಗುರುವಾರ ಹೋಗಂಗಿಲ್ಲ?"

"ಇಲ್ರೀ. ಇಲ್ಲೇ ಇರ್ತೀನಿ."

ಅತ್ತ ಯಾರೋ ಅವನನ್ನು ಹೆಸರು ಹಿಡಿದು ಕರೆದರು. ಅವನು ಹೋಗಲಿಲ್ಲ. ಎರಡೇ ಮಾತಿನಲ್ಲಿ ಫೋನು ಇಡುವ ಮನುಷ್ಯ, ಅದನ್ನೇ ಮತ್ತೆ ಕೇಳಿದ. ನಾನು ತಂದು ನಿಲ್ಲಿಸಿದ್ದ ಟ್ಯಾಕ್ಸಿಯವನು ಹಾರ್ನ್ ಒತ್ತುತ್ತಿದ್ದ. ಕಾಯಪ್ಪಾ ಎಂದು ಅವನಿಗೆ ಕೈ ಮಾಡಿದೆ. ಹುಡುಗಿ ಸ್ಪೀಕರ್ ಆರಿಸಿ, ಫೋನನ್ನು ಕಿವಿಗೊತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಅವನ ಪ್ರಶ್ನೆ ನನಗೆ ಆಮೇಲೆ ಕೇಳಿಸಲಿಲ್ಲ. ಅವಳ ಉತ್ತರ ಮಾತ್ರ ಮತ್ತೆ ಮತ್ತೆ ಕೇಳುತ್ತಿತ್ತು.

"ಹೋಗಂಗಿಲ್ರೀ," ಎನ್ನುತ್ತಿದ್ದಳು. "ಇಲ್ರೀ, ಹೋಗಂಗಿಲ್ಲ."